ಮೂರನೇ ಪ್ರಶ್ನೆ

ಫೆಬ್ರವರಿ 9

ಅಕ್ಕ,

ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ನೀನು ಎತ್ತುತ್ತಿರಲಿಲ್ಲ. ಎತ್ತಿದ್ದರೂ ಇಬ್ಬರೂ ಒಂದೇ ಸಲ ಮಾತಾಡಿ, ಒಂದೇ ಸಲ ಸುಮ್ಮನಾಗುತ್ತಿದ್ದೆವು. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಲೇಬೇಕು. ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಸಹಿಸಿಕೊ. ಇಂಗ್ಲಿಷಿನಲ್ಲಿ ನನ್ನ ಕೈ ಸಲೀಸಾಗಿ ಓಡುತ್ತದೆ. ಮನೆಯ ಭಾಷೆಯಲ್ಲಿ ಪ್ರತಿ ಒತ್ತಕ್ಷರಕ್ಕೂ ನಿಂತು ಯೋಚಿಸುತ್ತದೆ.

ಅಲ್ಲಿಯ ಡಾಕ್ಟರರ ಹತ್ತಿರ ಅಮ್ಮನ ಸ್ಕ್ಯಾನಿನ ವಿವರ ಕೇಳಿ ತಿಳಿದುಕೊಂಡೆ. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದೆ. ಬಲಗೈ, ಬಲಗಾಲು, ಮಾತು ಹೋಗಿವೆ. ಎಪ್ಪತ್ನಾಲ್ಕರ ವಯಸ್ಸಿನಲ್ಲಿ ಎಷ್ಟು ಮರಳಿ ಬರುತ್ತದೆ ಎಂದು ಈಗಲೇ ಹೇಳಲಾಗದು. ಇದೇ ಮಾತನ್ನು ವಾರಕ್ಕೆ ಮೂರು ನಾಲ್ಕು ಸಲ ಬೇರೆಯವರ ಮಕ್ಕಳಿಗೆ ಹೇಳುತ್ತೇನೆ. ಈ ಸಲ ನನಗೇ ಹೇಳಿಕೊಂಡೆ, ಅದೇ ದನಿಯಲ್ಲಿ.

ರಜೆ ಸಿಗುತ್ತಿಲ್ಲ. ವಾರ್ಡಿನ ಇಬ್ಬರು ಸಿಸ್ಟರುಗಳು ಹೆರಿಗೆ ರಜೆಯಲ್ಲಿದ್ದಾರೆ, ಇನ್‌ಚಾರ್ಜ್ ಆಗಿ ನಾನೇ ಹೊರಟರೆ ಆಗುವುದಿಲ್ಲ. ಆದರೆ ಒಂದು ಕೆಲಸ ಮಾಡಿದ್ದೇನೆ. ನಮ್ಮ ವಾರ್ಡಿನಲ್ಲಿ ಹೋದ ವರ್ಷ ನಾನೊಂದು ಹಳದಿ ಹಾಳೆ ಶುರುಮಾಡಿದೆ. ಮಂಚದ ಕಾಲ ಕಡೆ ತೂಗುಹಾಕುವ ಹಾಳೆ. ಅದರಲ್ಲಿ ಕಾಯಿಲೆಯ ಸುದ್ದಿಯಿಲ್ಲ, ಐದು ಪ್ರಶ್ನೆಗಳಿವೆ. ಇವರನ್ನು ಏನೆಂದು ಕರೆಯಬೇಕು, ಯಾವುದರಿಂದ ಇವರಿಗೆ ಸಮಾಧಾನ, ಊಟ ಹೇಗೆ, ನಿದ್ದೆ ಹೇಗೆ, ಇವರಿಗೆ ಬೇಕಾದವರು ಯಾರು. ಉತ್ತರ ಬರೆಯುವವರು ಮನೆಯವರು. ಮನುಷ್ಯ 'ಎಂಟನೇ ಬೆಡ್, ಲಕ್ವ' ಆಗಿಬಿಡಬಾರದು ಎನ್ನುವುದು ಅದರ ಉದ್ದೇಶ. ಅಮ್ಮನ ಹಾಳೆಯನ್ನು ನಾನೇ ತುಂಬಿ ಅಲ್ಲಿಯ ಇನ್‌ಚಾರ್ಜ್ ಸಿಸ್ಟರಿಗೆ ಕಳಿಸಿದ್ದೇನೆ. ನಾನೂ ಇದೇ ಕೆಲಸದವಳೆಂದು ತಿಳಿದು ಅವರು ತುಂಬ ಗೌರವದಿಂದ ಮಾತಾಡಿದರು. ತಪ್ಪದೆ ಹಾಗೇ ನಡೆದುಕೊಳ್ಳುತ್ತೇವೆ ಎಂದರು.

ಇನ್ನು ಅಮ್ಮ ಅಪರಿಚಿತರ ನಡುವೆ ಇಲ್ಲ ಎಂದುಕೊ.

ನಿನ್ನ ತಂಗಿ


ಫೆಬ್ರವರಿ 15

ಪುಟ್ಟಿ,

ನಿನ್ನ ಕಾಗದ ತಲುಪಿತು. ಕಾಗೆ, ಗುಬ್ಬಿ ಎಂದು ನೀನೇ ಒಪ್ಪಿಕೊಂಡಿರುವುದರಿಂದ ನಾನೇನೂ ಹೇಳುವುದಿಲ್ಲ. ಗುಬ್ಬಿ ಕೇಳಿಸಿಕೊಂಡರೆ ಬೇಜಾರು ಮಾಡಿಕೊಂಡೀತು.

ವಾರ್ಡು ಚೊಕ್ಕಟವಾಗಿದೆ. ಹನ್ನೆರಡು ಮಂಚ. ಅಮ್ಮನದು ಕಿಟಕಿಯಿಂದ ಎರಡನೆಯದು, ಇನ್ನೊಂದು ಬದಿಗೆ ಗೋಡೆ. ನಿನ್ನ ಹಳದಿ ಹಾಳೆ ಬಂತು. ಪ್ಲಾಸ್ಟಿಕ್ ಕವರಿಗೆ ಹಾಕಿ ದಾರದಲ್ಲಿ ಕಟ್ಟಿದ್ದಾರೆ. ಸಿಸ್ಟರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಓದಿದರು. "ನಿಮ್ ತಂಗಿ ಎಷ್ಟು ನೀಟಾಗಿ ಬರ್ದಿದಾರೆ ನೋಡಿ, ಇಂಗ್ಲಿಷ್ ಅಂದ್ರೆ ಇದು" ಎಂದರು ಇನ್‌ಚಾರ್ಜ್. ನಾನೇ ಬರೆದ ಹಾಗೆ ತಲೆಯಾಡಿಸಿದೆ.

ಎಲ್ಲರೂ ಅವಳನ್ನು 'ಮೇಡಂ' ಎನ್ನುತ್ತಾರೆ. "ಮೇಡಂ, ಆ ಕಡೆ ತಿರುಗ್ತೀರಾ?" ಎಂದರೆ ಅಮ್ಮ ಬಾಗಿಲ ಕಡೆ ನೋಡುತ್ತಾಳೆ, ಯಾರೋ ಮೇಡಂ ಬಂದಿರಬೇಕು ಎಂದು. ನಮ್ಮ ಬೀದಿಯಲ್ಲಿ ಅವಳನ್ನು ಏನೆನ್ನುತ್ತಾರೆ ಗೊತ್ತಲ್ಲ? ಬನ್ನಜ್ಜಿ. ಬೇಕರಿಯ ಕೆಲಸ ಬಿಟ್ಟು ಹದಿನಾಲ್ಕು ವರ್ಷವಾದರೂ ಬನ್ನಜ್ಜಿಯೇ. ನಿನಗೆ ಗೊತ್ತಿದೆಯೋ ಇಲ್ಲವೋ. ಈಗ ಬರೆಯುವಾಗ ಆ ಅನುಮಾನ ಬಂತು.

ಊಟದ ಹೊತ್ತಿಗೆ ನನ್ನನ್ನು ಹೊರಗೆ ಕಳಿಸಿ ಪರದೆ ಎಳೆಯುತ್ತಾರೆ. ಕಿಟಕಿ ಪಕ್ಕದ ಮಂಚದ ಮುದುಕಿಯ ಸೊಸೆ ಮಾತ್ರ ಒಳಗೇ ಇರುತ್ತಾಳೆ. ಒಂದೊಂದು ಮಂಚಕ್ಕೆ ಒಂದೊಂದು ನಿಯಮ ಇರಬೇಕು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಗುಂಡಿ ಹೊಲಿಯುತ್ತಿರುತ್ತೇನೆ. ಅಂಗಡಿಯಲ್ಲಿ ಹನ್ನೊಂದು ಯೂನಿಫಾರ್ಮ್ ಬಾಕಿ ಇವೆ.

ಅಮ್ಮ ತಿನ್ನುತ್ತಿಲ್ಲ. ನುಂಗುವ ಪರೀಕ್ಷೆ ಮಾಡಿದರು. ಗಂಟಲು ಸರಿ ಇದೆ, ಮಂದವಾಗಿ ಕಲಸಿದ್ದನ್ನು ಕೊಡಬಹುದು ಎಂದರು. ಆದರೂ ತುಟಿ ಬಿಗಿದುಕೊಂಡಿದ್ದಾಳೆ. ದಿನಕ್ಕೆ ಎರಡು ಮೂರು ಚಮಚ, ಅದೂ ಬಲವಂತಕ್ಕೆ. ಗ್ಲೂಕೋಸ್ ಏರಿಸಿದ್ದಾರೆ. ಏನು ಮಾಡಬೇಕು ಹೇಳು. ನೀನು ತಿಳಿದವಳು.

ಅಕ್ಕ


ಫೆಬ್ರವರಿ 20

ಅಕ್ಕ,

ಸ್ಟ್ರೋಕ್ ಆದ ಮೇಲೆ ಊಟ ಬೇಡವೆನ್ನುವುದು ಸಾಮಾನ್ಯ. ಭಯಪಡಬೇಡ. ಹಾಸಿಗೆಯ ತಲೆಯ ಭಾಗ ಎತ್ತರಿಸಿರಬೇಕು, ಗದ್ದ ಸ್ವಲ್ಪ ತಗ್ಗಿರಬೇಕು, ಚಮಚವನ್ನು ಎಡಗಡೆಯಿಂದ ತರಬೇಕು, ಅವಸರ ಮಾಡಬಾರದು. ಇವೆಲ್ಲ ಅವರಿಗೆ ಗೊತ್ತಿರುತ್ತದೆ. ವಾರ್ಡಿನ ನಿಯಮಗಳ ಜೊತೆ ಜಗಳಕ್ಕೆ ಹೋಗಬೇಡ. ತೂಕ ಇಳಿಯುತ್ತಲೇ ಹೋದರೆ ಮೂಗಿನಿಂದ ಹೊಟ್ಟೆಗೆ ಪೈಪ್ ಹಾಕುತ್ತಾರೆ. ನೋಡಲು ಕಷ್ಟ, ಆದರೆ ಅದು ತಾತ್ಕಾಲಿಕ.

ಹಾಳೆಯ ಬಗ್ಗೆ ಒಂದು ಸಂಗತಿ ಹೇಳುತ್ತೇನೆ. ನಮ್ಮ ಆರನೇ ಬೆಡ್ಡಿನಲ್ಲಿ ವಾಚ್ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರಿದ್ದಾರೆ. ಕೈಗೆ ಹಾಕಿದ ಸೂಜಿ, ಟ್ಯೂಬು ಎಲ್ಲ ಕಿತ್ತೆಸೆಯುತ್ತಿದ್ದರು. ಕೈ ಕಟ್ಟುವುದೆಂದು ತೀರ್ಮಾನವಾಗಿತ್ತು. ಅವರ ಹೆಂಡತಿ ಹಾಳೆಯ ಎರಡನೇ ಪ್ರಶ್ನೆಗೆ "ಸುಮ್ನೆ ಕೂತ್ರೆ ಇವರ ಕೈ ತಡಕಾಡ್ತಾನೇ ಇರತ್ತೆ. ಏನಾದ್ರೂ ಬಿಚ್ಚೋದು ಕೊಡಿ" ಎಂದು ಬರೆಸಿದರು. ಉಗ್ರಾಣದಿಂದ ಕೆಟ್ಟುನಿಂತ ಒಂದು ಗೋಡೆ ಗಡಿಯಾರ ತರಿಸಿ ಕೊಟ್ಟೆ. ಮೂರು ದಿನ ಬಿಚ್ಚಿದರು, ಜೋಡಿಸಿದರು. ಸೂಜಿಯನ್ನು ಮುಟ್ಟಲೇ ಇಲ್ಲ. ಕೈ ಕಟ್ಟಲಿಲ್ಲ. ಮೇಲಿನವರು ಬಂದು ಫೋಟೋ ತೆಗೆದರು. ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿದರು.

ಖುಷಿಯಾಯಿತು ಎಂದು ಬರೆಯಬೇಕು. ಬರೆದಿದ್ದೇನೆ. ಆ ಹೊತ್ತಿಗೆ ನಾನು ಯೋಚಿಸುತ್ತಿದ್ದದ್ದು ಮಧ್ಯಾಹ್ನದ ಔಷಧಿಯ ಟ್ರೇ ಬಗ್ಗೆ.

ಅಮ್ಮನಿಗೂ ಆ ಹಾಳೆ ನೆರವಾಗುತ್ತದೆ.

ನಿನ್ನ ತಂಗಿ


ಫೆಬ್ರವರಿ 27

ಪುಟ್ಟಿ,

ಇಪ್ಪತ್ತೆರಡಕ್ಕೆ ಪೈಪ್ ಹಾಕಿದರು. ಇಪ್ಪತ್ತಮೂರಕ್ಕೆ ಅಮ್ಮ ಕಿತ್ತುಹಾಕಿದಳು. ಮತ್ತೆ ಹಾಕಿ, ಎಡಗೈಗೆ ಬಟ್ಟೆಯ ಚೀಲ ಕಟ್ಟಿದ್ದಾರೆ. ಚೀಲದ ಹೊಲಿಗೆ ಒರಟಾಗಿತ್ತು, ಮಣಿಕಟ್ಟು ಕೆಂಪಗಾಗಿತ್ತು. ಹೇಗೂ ಕಟ್ಟುತ್ತಾರಲ್ಲ ಎಂದು ಮೆತ್ತನೆಯ ಹತ್ತಿಬಟ್ಟೆಯಲ್ಲಿ ನಾನೇ ಒಂದು ಹೊಲಿದುಕೊಟ್ಟೆ. ಅಳತೆ ಚೆನ್ನಾಗಿ ಕೂತಿದೆ. ಸಿಸ್ಟರ್ ಇನ್ನೂ ಆರು ಹೊಲಿದುಕೊಡಿ ಎಂದರು.

ಈ ಕಾಗದದ ಜೊತೆ ಮಡಿಸಿಟ್ಟಿರುವುದನ್ನು ಹುಷಾರಾಗಿ ಬಿಚ್ಚು. ಟ್ರೇಸಿಂಗ್ ಪೇಪರ್, ಬೇಗ ಹರಿಯುತ್ತದೆ.

ನನ್ನನ್ನು ಹೊರಗೆ ಕಳಿಸುವಾಗಲೆಲ್ಲ ಸಿಸ್ಟರುಗಳು ನಿನ್ನ ಹಾಳೆಯ ಕಡೆ ಕೈ ತೋರಿಸುತ್ತಾರೆ. ಮೇಲಿನಿಂದ ಮೂರನೆಯದಕ್ಕೆ. ಮೊನ್ನೆ ಕೇಳಿಯೇಬಿಟ್ಟೆ, "ಅದರಲ್ಲಿ ಏನಿದೆ ಸಿಸ್ಟರ್?" ಎಂದು. "ನಿಮ್ ತಂಗಿನೇ ಬರ್ದಿರೋದಲ್ವಾ, ನಿಮಗೆ ಗೊತ್ತಿರತ್ತೆ" ಎಂದರು. ಗೊತ್ತಿಲ್ಲ, ನನಗೆ ಓದಲು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅಷ್ಟು ದಿನ ತಲೆಯಾಡಿಸಿದ್ದೆನಲ್ಲ. ಬೇರೆ ಯಾರಾದರೂ ಓದಿ ಹೇಳುತ್ತಿದ್ದರು, ಆದರೆ ನೀನು ಅಮ್ಮನ ಬಗ್ಗೆ ಬರೆದದ್ದನ್ನು ಬೇರೆಯವರ ಬಾಯಲ್ಲಿ ಕೇಳುವುದು ಬೇಡ ಅನಿಸಿತು. ಫೋನಿನಲ್ಲಿ ಕೇಳಿದರೆ ನೀನು ಬೇಗ ಬೇಗ ಹೇಳಿಬಿಡುತ್ತೀಯ, ನಾನು ಹ್ಞೂಂ ಅಂದುಬಿಡುತ್ತೇನೆ.

ಅದಕ್ಕೆ ಹಾಳೆಯನ್ನು ಕಿಟಕಿ ಗಾಜಿಗೆ ಒತ್ತಿಹಿಡಿದು, ಮೇಲೆ ಪೇಪರ್ ಇಟ್ಟು, ಕಸೂತಿಯ ಡಿಸೈನ್ ತೆಗೆಯುವ ಹಾಗೆ ಪೂರ್ತಿ ತೆಗೆದೆ. ಒಂದು ಗಂಟೆ ಹಿಡಿಯಿತು. ವಾರ್ಡಿನ ಆಯಾ ಬಂದು, "ಏನಕ್ಕಾ, ಆಸ್ಪತ್ರೆಗೂ ಕೆಲಸ ತಂದ್ಬಿಟ್ರಾ? ಯಾರ ಮದುವೆ ಬಟ್ಟೆಗೆ ಇದು?" ಎಂದು ನಕ್ಕಳು. ನಾನೂ ನಕ್ಕೆ. ಒಂದಕ್ಷರವೂ ಬಿಟ್ಟಿಲ್ಲ ಅಂದುಕೊಂಡಿದ್ದೇನೆ.

ಮೂರನೆಯದರಲ್ಲಿ ಏನಿದೆ?

ಅಕ್ಕ


ಮಾರ್ಚ್ 3

ಅಕ್ಕ,

ಪೇಪರ್ ಹರಿಯದೆ ಬಂದಿದೆ. ನನ್ನದೇ ಕೈಬರಹ, ನಿನ್ನ ಪೆನ್ಸಿಲಿನಲ್ಲಿ. ನನ್ನ ಅವಸರದ ಕೊಂಡಿಗಳನ್ನೂ, ಒಂದು ಕಡೆ ತಪ್ಪಿ ಹೊಡೆದುಹಾಕಿದ ಪದವನ್ನೂ ಇದ್ದ ಹಾಗೇ ತೆಗೆದಿದ್ದೀಯ. ಡ್ಯೂಟಿ ರೂಮಿನಲ್ಲಿ ಅದನ್ನು ಮೇಜಿನ ಮೇಲೆ ಹರಡಿಕೊಂಡು ಓದಿದೆ. ಯಾರೋ ಬಂದು ಚಹಾ ಇಟ್ಟು ಹೋದರು.

ನಾನು ಬರೆದದ್ದು ಇದು.

ಒಂದು. ಕರೆಯುವಾಗ 'ಮೇಡಂ' ಎನ್ನಿ, ಮರ್ಯಾದೆಯಿಂದ ಮಾತಾಡಿಸಿ.

ಎರಡು. ಶಾಂತ ವಾತಾವರಣ ಇಷ್ಟ. ಹೆಚ್ಚು ಮಾತಾಡುವವರಲ್ಲ.

ಮೂರು. ಊಟ ಮಾಡುವಾಗ ಒಬ್ಬರೇ ಇರಲು ಬಯಸುತ್ತಾರೆ. ಮನೆಯವರು ಎದುರಿಗಿದ್ದರೆ ತಿನ್ನುವುದಿಲ್ಲ. ದಯವಿಟ್ಟು ಆ ಹೊತ್ತಿನಲ್ಲಿ ಮನೆಯವರನ್ನು ಹೊರಗೆ ಕಳಿಸಿ.

ನಾಲ್ಕು. ಸಣ್ಣ ಸದ್ದಿಗೂ ನಿದ್ದೆ ಕೆಡುತ್ತದೆ.

ಐದು. ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಇದೇ ವೃತ್ತಿಯವಳು. ಯಾವ ತೀರ್ಮಾನಕ್ಕೂ ಅವಳನ್ನು ಕೇಳಿ.

ಅಷ್ಟೇ. ಓದಿದ ತಕ್ಷಣ ಅಲ್ಲಿಗೆ ಫೋನ್ ಮಾಡಿ ಹಾಳೆಯನ್ನು ತೆಗೆಸಿದೆ. ಇನ್‌ಚಾರ್ಜ್ ಪಾಪ ಗಾಬರಿಯಾದರು. "ಮೇಡಂ, ನೀವು ಬರ್ದಿದ್ದನ್ನೇ ಅಲ್ವಾ ನಾವು ಮಾಡಿದ್ದು? ಒಂದು ಹೊತ್ತೂ ತಪ್ಪಿಸಿಲ್ಲ" ಎಂದರು. ನಿಜ. ಅವರದೇನೂ ತಪ್ಪಿಲ್ಲ. ನಾನು ಬಯಸಿದ ಹಾಗೆ ಒಂದು ವಾರ್ಡು ನಡೆದದ್ದು ಇದೇ ಮೊದಲು.

ಹಾಳೆಯನ್ನು ಮನೆಯವರಿಗೆ ಓದಲು ಬರುವ ಭಾಷೆಯಲ್ಲಿ ಬರೆಯಬೇಕು ಎಂಬ ನಿಯಮ ಮಾಡಿದವಳು ನಾನು. ಕೆಳಗೆ ಚಿಕ್ಕ ಅಕ್ಷರದಲ್ಲಿ ಅಚ್ಚಾಗಿದೆ. ಅದನ್ನೂ ನೀನು ಟ್ರೇಸ್ ಮಾಡಿದ್ದೀಯ.

ಅಮ್ಮ ಒಬ್ಬಳೇ ಊಟ ಮಾಡುತ್ತಿದ್ದದ್ದು ನನಗೆ ನೆನಪಿರುವುದು ಹೀಗೆ. ನಮ್ಮೆಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ. ನಾನು ನೀರಿಗೆಂದು ಹೋದರೆ ತಟ್ಟೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಅದು ಅವಳ ಇಷ್ಟ ಎಂದುಕೊಂಡಿದ್ದೆ. ವರ್ಷಕ್ಕೊಮ್ಮೆ ಬೆಳಿಗ್ಗೆ ಬಂದು ಸಂಜೆ ಹೊರಡುತ್ತಿದ್ದ ನಾನು ಅವಳು ಈಗ ಹೇಗೆ ಊಟ ಮಾಡುತ್ತಾಳೆ ಎಂದು ನೋಡಿಲ್ಲ. ನಿನ್ನನ್ನು ಕೇಳಬೇಕೆಂದೂ ಹೊಳೆಯಲಿಲ್ಲ.

ಅವಳು ಹೇಗೆ ಊಟ ಮಾಡುತ್ತಾಳೆ, ಅಕ್ಕ?

ನಿನ್ನ ತಂಗಿ


ಮಾರ್ಚ್ 8

ಪುಟ್ಟಿ,

ಮೊದಲು ಒಳ್ಳೆಯ ಸುದ್ದಿ. ನಿನ್ನೆ ಅಮ್ಮ ಅರ್ಧ ಬಾಳೆಹಣ್ಣು ತಿಂದಳು.

ನಿನ್ನ ಫೋನ್ ಆದ ಮೇಲೆ ನನ್ನನ್ನು ಒಳಗೆ ಬಿಟ್ಟರು. ಪೈಪ್ ಇತ್ತು, ಆದರೂ ಬಾಯಿಗೆ ಸ್ವಲ್ಪ ಕೊಟ್ಟು ನೋಡಬಹುದು ಎಂದರು. ನಾನು ಅವಳ ಕೈಗೆ ಕಟ್ಟಿದ್ದ ಚೀಲ ಬಿಚ್ಚಿ, ಹಾಸಿಗೆಯ ತಲೆ ಎತ್ತಿಸಿ, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ. ಅವಳಿಗೆ ಕೊಡಲಿಲ್ಲ. ಮೊದಲು ನಾನು ತಿಂದೆ. ಮನೆಯಲ್ಲಿ ಹಾಗೇ. ಒಂದೇ ತಟ್ಟೆ. ನಾನೊಂದು ತುತ್ತು, ಅವಳೊಂದು ತುತ್ತು. ನಾನು ತಿನ್ನದೆ ಅವಳು ತಿನ್ನುವುದಿಲ್ಲ. ಮೊದಲ ದಿನ ಸುಮ್ಮನೆ ನೋಡಿದಳು. ಎರಡನೇ ದಿನ ನಾನು ಅಗಿಯುವಾಗ ಅವಳ ತುಟಿಯೂ ಆಡಿತು. ಮೂರನೇ ದಿನ ಬಾಯಿ ತೆರೆದಳು. ಆಯಾ ನೋಡುತ್ತ ನಿಂತಿದ್ದವಳು, "ಅಯ್ಯೋ ಬನ್ನಜ್ಜಿ, ಇಷ್ಟು ದಿನ ಮಗಳಿಗೋಸ್ಕರ ಕಾಯ್ತಿದ್ರಾ? ನಮ್ಮನ್ನೆಲ್ಲ ಆಟ ಆಡಿಸಿದ್ರಲ್ಲ!" ಎಂದಳು. ಹಾಗೆ ಕರೆಯಲು ನಾನೇ ಹೇಳಿಕೊಟ್ಟಿದ್ದೆ. ಅಮ್ಮ ಅವಳ ಕಡೆ ತಿರುಗಿದಳು.

ಇನ್ನು ನೀನು ಕೇಳಿದ್ದು. ಬರೆಯಲೋ ಬೇಡವೋ ಎಂದು ಎರಡು ದಿನ ತಡೆದೆ.

ನಿನಗೆ ಆಗ ಒಂಬತ್ತು ವರ್ಷ, ನನಗೆ ಹದಿನೈದು. ನಿನ್ನ ಸ್ಕೂಲಿನ ಮೂವರು ಗೆಳತಿಯರು ಮನೆಗೆ ಬಂದಿದ್ದರು. ಅಮ್ಮ ಬೇಕರಿಯಿಂದ ಬನ್ನು ತಂದಿದ್ದಳು. ಎಲ್ಲರೂ ಒಟ್ಟಿಗೆ ಕೂತಿದ್ದೆವು. ಆಗಲೇ ಅವಳ ದವಡೆ ಹಲ್ಲು ಹೋಗಿದ್ದವು. ಹಾಲಿನಲ್ಲಿ ಅದ್ದಿ, ವಸಡಿನಲ್ಲಿ ಅರೆದು ತಿನ್ನುತ್ತಿದ್ದಳು, ಸದ್ದಾಗುತ್ತಿತ್ತು. ನಿನ್ನ ಗೆಳತಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನೀನು, "ಅಮ್ಮಾ, ಸದ್ದು ಮಾಡ್ಬೇಡ. ಆಚೆ ಹೋಗಿ ತಿನ್ನು" ಎಂದೆ. ಅವರು ನಕ್ಕರು. ಅಮ್ಮನೂ ನಕ್ಕಳು. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಮಾರನೆಯ ದಿನದಿಂದ ಎಲ್ಲರದೂ ಆದ ಮೇಲೆ, ಗೋಡೆ ಕಡೆಗೆ.

ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ. ಮಗು ಆಡಿದ ಮಾತು. ನಿನ್ನ ಇಂಗ್ಲಿಷ್ ಸ್ಕೂಲಿನ ಬಗ್ಗೆ ಅವಳಿಗೆ ಎಷ್ಟು ಜಂಬ ಇತ್ತೆಂದರೆ, ಅಲ್ಲಿಯ ಮಕ್ಕಳು ಹೀಗೇ ಇರಬೇಕು ಎಂದುಕೊಂಡಿರಬಹುದು. ಅದರ ಬಗ್ಗೆ ಅವಳು ಯಾವತ್ತೂ ಏನೂ ಹೇಳಿಲ್ಲ. ಹನ್ನೆರಡು ವರ್ಷದ ಹಿಂದೆ ನಿನ್ನ ಭಾವ ತೀರಿಕೊಂಡು ನಾನು ಮನೆಗೆ ವಾಪಸಾದಾಗಲೂ ಗೋಡೆಗೇ ಕೂರುತ್ತಿದ್ದಳು. ನನಗೆ ಆಗ ಒಬ್ಬಳೇ ತಿನ್ನಲು ಆಗುತ್ತಿರಲಿಲ್ಲ. ಒಂದು ದಿನ ನನ್ನ ತಟ್ಟೆ ಎತ್ತಿಕೊಂಡು ಹೋಗಿ ಅವಳ ಪಕ್ಕ ಗೋಡೆ ನೋಡುತ್ತ ಕೂತೆ. "ಇದೇನೇ, ಇಬ್ರೂ ಗೋಡೆ ನೋಡ್ತಾ ಕೂತಿದ್ದೀವಲ್ಲ, ಸಿನಿಮಾ ಬರತ್ತಾ ಇಲ್ಲಿ?" ಎಂದಳು. ಅಂದಿನಿಂದ ಒಂದೇ ತಟ್ಟೆ.

ಒಂದು ಹೇಳಲೇ? ನನಗೆ ಕೋಪ ಬರಲಿಲ್ಲ. ಬೆಂಚಿನ ಮೇಲೆ ಕೂತಿದ್ದಾಗ ಬಂದದ್ದು ಬೇರೆ ಯೋಚನೆ. ಪುಟ್ಟಿ ತಿಳಿದವಳು, ಏನೋ ಕಂಡೇ ಬರೆದಿರುತ್ತಾಳೆ. ಅಮ್ಮನಿಗೆ ಒಂದೇ ತಟ್ಟೆ ಇಷ್ಟವೇ ಇರಲಿಲ್ಲವೋ ಏನೋ. ಹನ್ನೆರಡು ವರ್ಷ ನನ್ನ ಸಮಾಧಾನಕ್ಕೆ ಸಹಿಸಿಕೊಂಡಳೋ ಏನೋ.

ಬಾಳೆಹಣ್ಣು ತಿಂದ ಮೇಲೆ ಆ ಯೋಚನೆ ಬಿಟ್ಟಿದ್ದೇನೆ. ಪೂರ್ತಿ ಬಿಟ್ಟಿಲ್ಲ.

ಅಕ್ಕ


ಮಾರ್ಚ್ 24

ಅಕ್ಕ,

ಹದಿನೆಂಟರಂದು ಬಂದು ಇಪ್ಪತ್ತೆರಡಕ್ಕೆ ಹೊರಟೆ. ನಾಲ್ಕು ದಿನ ನಾವಿಬ್ಬರೂ ಒಂದೇ ಮಂಚದ ಎರಡು ಬದಿಗೆ ಇದ್ದೆವು. ಹಾಸಿಗೆ ಬಟ್ಟೆ, ಮಾತ್ರೆ, ಮನೆ ಬೀಗದ ಕೈ ಬಗ್ಗೆ ಮಾತ್ರ ಮಾತಾಡಿದೆವು. ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತಿದ್ದೇನೆ. ಬರೆಯದಿದ್ದರೆ ಅದು ಆಗಿಯೇ ಇಲ್ಲ ಎನ್ನುವ ಹಾಗೆ ನಾನು ಇದ್ದುಬಿಡುತ್ತೇನೆ.

ಮೊದಲು ಒಂದು ತಿದ್ದುಪಡಿ. ರಜೆ ಸಿಗುತ್ತಿಲ್ಲ ಎಂದು ಫೆಬ್ರವರಿಯಲ್ಲಿ ಬರೆದಿದ್ದೆ. ನಾನು ರಜೆ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಎಂದು ಯೋಚಿಸಿದ್ದೇನೆ. ಅಲ್ಲಿಗೆ ಬಂದರೆ ನಾನು ಸಿಸ್ಟರ್ ಅಲ್ಲ, ಮಗಳು. ಆ ಕೆಲಸ ನನಗೆ ಬರುವುದಿಲ್ಲ ಎಂದು ಗೊತ್ತಿತ್ತು ಅಂತ ಕಾಣುತ್ತದೆ. ಇದೂ ಪೂರ್ತಿ ನಿಜವೋ, ಬರೆಯಲು ಚೆನ್ನಾಗಿದೆ ಎಂದು ಬರೆದೆನೋ, ತಿಳಿಯದು.

ಅಮ್ಮ ನನ್ನನ್ನು ಗುರುತಿಸಿದಳು. ಎಡಗೈಯಿಂದ ನನ್ನ ಗಡಿಯಾರದ ಪಟ್ಟಿ ಮುಟ್ಟಿ ನೋಡಿದಳು. ಅವಳ ಕಣ್ಣು ಒದ್ದೆಯಾಯಿತು. ನಾನು ಒರೆಸಿದೆ, ಒಳಗಿನ ಮೂಲೆಯಿಂದ ಹೊರಗಿನ ಮೂಲೆಗೆ, ಹೊಸಬರಿಗೆ ಕಲಿಸುವ ಹಾಗೆ. ಮಧ್ಯಾಹ್ನ ನೀನು ಬಟ್ಟಲು, ಚಮಚ ನನ್ನ ಕೈಗೆ ಕೊಟ್ಟು, "ನೀನು ಕೊಡು, ನಾನು ಕೈ ತೊಳ್ಕೊಂಡು ಬರ್ತೀನಿ" ಎಂದು ಹೋದೆ. ಬೇಕೆಂದೇ ತಡಮಾಡಿದೆ, ಗೊತ್ತು. ಗದ್ದ ತಗ್ಗಿತ್ತು, ಚಮಚ ಎಡಗಡೆಯಿಂದ ಬಂತು, ಅವಸರ ಮಾಡಲಿಲ್ಲ. ಅಮ್ಮ ಚಮಚ ನೋಡಿದಳು, ನನ್ನ ಮುಖ ನೋಡಿದಳು, ನಿಧಾನವಾಗಿ ಗೋಡೆ ಕಡೆ ತಿರುಗಿಕೊಂಡಳು. ಸಿಟ್ಟಿರಲಿಲ್ಲ. ರೂಢಿಯಾದ ಕೆಲಸವನ್ನು ಮಾಡಿದ ಹಾಗೆ ತಿರುಗಿದಳು. ನೀನು ಬಂದು ಕೂತು ತಿಂದೆ. ಆದರೂ ತಿರುಗಲಿಲ್ಲ. ನಾನು ಎದ್ದು ಕಾರಿಡಾರಿಗೆ ಹೋದ ಮೇಲೆ ತಿಂದಳು.

ನಾಲ್ಕು ದಿನವೂ ಹಾಗೇ. ಆ ಬೆಂಚಿನ ಒಂದು ಪಟ್ಟಿ ಸಡಿಲವಾಗಿದೆ. ನೀನು ಬರೆದಿರಲಿಲ್ಲ.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ನಾನು ಬರೆದದ್ದು ಸುಳ್ಳಲ್ಲ. ನನ್ನ ಮಟ್ಟಿಗೆ ನಿಜ. ಅದನ್ನು ಎಲ್ಲರ ಮಟ್ಟಿಗೆ ಎಂದು ಬರೆದದ್ದು ತಪ್ಪು. ಹೊಸ ಹಾಳೆ ಇದರ ಜೊತೆಗಿದೆ, ಮನೆಯ ಭಾಷೆಯಲ್ಲಿ. ಅವಳನ್ನು ಮನೆಗೆ ಕಳಿಸಿದ ಮೇಲೆ ವ್ಯಾಯಾಮ ಮಾಡಿಸುವವರು, ನೋಡಿಕೊಳ್ಳುವವರು ಬರುತ್ತಾರಲ್ಲ, ಅವರಿಗಾಗಿ ಗೋಡೆಗೆ ಅಂಟಿಸು. ಒಂದು: ಬನ್ನಜ್ಜಿ ಎನ್ನಿ. ಎರಡನ್ನು ಖಾಲಿ ಬಿಟ್ಟಿದ್ದೇನೆ, ನೀನು ತುಂಬು. ನಾಲ್ಕು: ಹೊಲಿಗೆ ಮಷಿನ್ ಓಡುತ್ತಿದ್ದರೆ ನಿದ್ದೆ ಬರುತ್ತದೆ, ನಿಂತರೆ ಎಚ್ಚರವಾಗುತ್ತದೆ (ಇದನ್ನು ನೀನು ಮೊನ್ನೆ ಆಯಾಳಿಗೆ ಹೇಳುತ್ತಿದ್ದದ್ದು ಕೇಳಿಸಿಕೊಂಡೆ). ಐದು: ಹಿರಿಯ ಮಗಳನ್ನು ಕೇಳಿ. ಮೂರನೆಯದು ಹೀಗಿದೆ: "ಊಟಕ್ಕೆ ಹಿರಿಯ ಮಗಳು ಜೊತೆಗಿರಬೇಕು, ಮೊದಲು ಅವರು ತಿನ್ನಬೇಕು. ಕಿರಿಯ ಮಗಳು ಇದ್ದರೆ ತಿನ್ನುವುದಿಲ್ಲ. ದಯವಿಟ್ಟು ಆ ಹೊತ್ತಿನಲ್ಲಿ ಅವಳನ್ನು ಹೊರಗೆ ಕಳಿಸಿ."

ನಮ್ಮ ವಾರ್ಡಿನ ಹಾಳೆಯ ತಲೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ. ಇದನ್ನು ಬರೆಯುತ್ತಿರುವವರು ಇವರ ಜೊತೆ ಕೊನೆಯ ಸಲ ಊಟ ಮಾಡಿದ್ದು ಯಾವಾಗ? ನಿನ್ನೆ ಒಬ್ಬ ಮಗ ಪೆನ್ನು ಹಿಡಿದು ಹತ್ತು ನಿಮಿಷ ನಿಂತಿದ್ದ. ಆಮೇಲೆ ಹೆಂಡತಿಯ ಕೈಗೆ ಕೊಟ್ಟ.

ನಿನ್ನ ತಂಗಿ


ಏಪ್ರಿಲ್ 26

ಪುಟ್ಟಿ,

ತಿಂಗಳಾಯಿತು ಬರೆದು. ಅಮ್ಮ ಮನೆಗೆ ಬಂದಿದ್ದಾಳೆ. ಪೈಪ್ ಇಲ್ಲ. ಎರಡು ಕಡೆ ಹಿಡಿದುಕೊಂಡರೆ ಎಂಟು ಹೆಜ್ಜೆ. ಮಾತಿಲ್ಲ. ಆಸ್ಪತ್ರೆಯ ಅಂಗಿ ಹಿಂದೆ ತೆರೆದಿರುತ್ತದೆ, ಅವಳಿಗೆ ನಾಚಿಕೆ. ಒಂದೇ ಕೈಯಲ್ಲಿ ಹಾಕಿಕೊಳ್ಳುವ ಹಾಗೆ ಭುಜದಿಂದ ಕೆಳಗೆ ಗುಂಡಿ ಇಟ್ಟು ನಾಲ್ಕು ಅಂಗಿ ಹೊಲಿದೆ. ಎದೆಯ ಅಳತೆ ಹೋದ ವರ್ಷಕ್ಕಿಂತ ಮೂರು ಇಂಚು ಕಡಿಮೆ.

ನಿನ್ನ ಹಾಳೆ ಅಂಟಿಸಿದ್ದೇನೆ. ವ್ಯಾಯಾಮ ಮಾಡಿಸುವ ಹುಡುಗಿ ಓದಿ, "ಆ ಕಿರಿಯ ಮಗಳು ಅಷ್ಟು ಕೆಟ್ಟವರಾ?" ಎಂದಳು. "ಇಲ್ಲಮ್ಮಾ, ಸ್ವಲ್ಪ ಇಂಗ್ಲಿಷ್ ಜಾಸ್ತಿ ಅಷ್ಟೆ" ಎಂದೆ. ಆಮೇಲೆ ಮೂರನೆಯದರಲ್ಲಿ ಕೊನೆಯ ಎರಡು ಸಾಲು ಹೊಡೆದುಹಾಕಿದೆ. ಅಂಗಡಿಯ ಸೀಮೆಸುಣ್ಣದಲ್ಲಿ ಹೊಡೆದರೆ ಅಳಿಸಿಹೋಗುತ್ತದೆ ಎಂದು ಪೆನ್ನಿನಲ್ಲೇ ಹೊಡೆದೆ.

ಎಲ್ಲದಕ್ಕೂ ನಿನಗೆ ಬರೆದಿಡುವ ಅವಸರ. ನಾಲ್ಕು ದಿನ ನೋಡಿದೆ, ಬರೆದುಬಿಟ್ಟೆ. ತಟ್ಟೆ ಒಂದಾದ ಮೇಲೂ ಅವಳು ಈ ಕಡೆ ತಿರುಗುವ ತನಕ ನಾನು ಆ ಗೋಡೆಯ ಮುಂದೆ ಎಷ್ಟು ದಿನ ಕೂತಿದ್ದೆ ಅಂತ ಕೇಳಲೇ ಇಲ್ಲ. ಐದು ತಿಂಗಳು.

ಇನ್ನೊಂದು. ನೀನು ಬಂದಾಗ ನಮ್ಮ ಮನೆಯಲ್ಲಿ ಎರಡು ಸಲ ಊಟ ಮಾಡಿದೆ. ಎರಡು ಸಲವೂ ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತು ತಿಂದೆ. ಸದ್ದೇ ಇಲ್ಲದೆ. ನಿನಗೆ ಗೊತ್ತಾ ಅದು?

ಮೇ ಎರಡನೇ ಶನಿವಾರ ಬಾ. ಅವತ್ತು ಯೂನಿಫಾರ್ಮ್ ಕೊಡುವ ದಿನ, ನಾನು ಮಧ್ಯಾಹ್ನ ಅಂಗಡಿಯಲ್ಲಿರುತ್ತೇನೆ. ತಟ್ಟೆ ಒಂದೇ ಇಟ್ಟಿರುತ್ತೇನೆ. ಬನ್ನು, ಹಾಲು. ಹಾಲಿನಲ್ಲಿ ಚೆನ್ನಾಗಿ ನೆನೆಸಿ ಮುದ್ದೆ ಮಾಡು. ಮೊದಲು ನೀನು ತಿನ್ನು. ಸದ್ದು ಮಾಡಿಕೊಂಡು ತಿನ್ನು.

ಅಕ್ಕ


ಮೇ 10, ಭಾನುವಾರ ಬೆಳಿಗ್ಗೆ

ಅಕ್ಕ,

ನೀನು ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದೀಯ, ನೀರಿನ ಸದ್ದು ಕೇಳಿಸುತ್ತಿದೆ. ನಿನ್ನೆ ಸಂಜೆ ನೀನು ಬಂದು "ಏನಾಯ್ತೇ?" ಎಂದು ಕೇಳಿದೆ. "ಆಯ್ತು" ಎಂದೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಇದನ್ನು ಮಷಿನ್ ಮೇಲೆ ಇಟ್ಟು ಹೋಗುತ್ತೇನೆ.

ಬನ್ನು ನೆನೆಸಿದೆ. ಅಮ್ಮನ ಕುರ್ಚಿಯ ಎದುರಿಗೆ ನೀನು ಕೂರುವ ಸ್ಟೂಲಿನಲ್ಲಿ ಕೂತೆ. ತಟ್ಟೆ ನನ್ನ ಮಡಿಲಲ್ಲಿತ್ತು. ಅವಳು ಆಗಲೇ ಗೋಡೆ ಕಡೆ ತಿರುಗಿದ್ದಳು. ತಿನ್ನಲು ಶುರುಮಾಡಿದೆ. ಸದ್ದು ಮಾಡಲು ನನಗೆ ಬರುವುದಿಲ್ಲ, ಅಕ್ಕ. ಬಾಯಿ ಮುಚ್ಚಿ ಅಗಿಯುವುದು ಎಷ್ಟು ರೂಢಿಯಾಗಿದೆಯೆಂದರೆ ಬಾಯಿ ತೆರೆದರೆ ಹಾಲು ಗದ್ದದ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಎರಡನೇ ತುತ್ತಿಗೆ ಸ್ವಲ್ಪ ಸದ್ದು ಬಂತು. ಮೂರನೆಯದಕ್ಕೆ ಚೆನ್ನಾಗಿ ಬಂತು. ಖಾಲಿ ಮನೆಯಲ್ಲಿ ಅದು ಬಹಳ ದೊಡ್ಡದಾಗಿ ಕೇಳಿಸಿತು. ನನಗೆ ಏನಾದರೂ ಅನಿಸಬಹುದು ಎಂದು ಕಾದೆ. ಬನ್ನು ಸಿಹಿಯಾಗಿತ್ತು, ಅಷ್ಟು ಗೊತ್ತಾಯಿತು.

ಐದಾರು ತುತ್ತಾದ ಮೇಲೆ ಅಮ್ಮ ಈ ಕಡೆ ತಿರುಗಿದಳು. ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಲಿಲ್ಲ. ಅವಳು ಎಡಗೈ ಎತ್ತಿದಳು. ಅದು ಎರಡು ಸಲ ಕೆಳಗೆ ಬಿದ್ದು, ಕೊನೆಗೆ ಮುಖದ ತನಕ ಬಂತು. ತೋರುಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಳು. ಬಾಯಿಯ ಎಡಗಡೆ, ಇನ್ನೂ ಆಡುವ ಕಡೆ, ಸ್ವಲ್ಪ ಮೇಲೆ ಹೋಯಿತು.

ಸದ್ದು ಮಾಡಬೇಡ ಎಂದಳೋ, ನನಗೂ ಕೊಡು ಎಂದಳೋ, ನನಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ್ದೇನೆ, ಮಾತಿಲ್ಲದವರ ಸನ್ನೆ ಓದುವುದನ್ನು ಬೇರೆಯವರಿಗೆ ಕಲಿಸುತ್ತೇನೆ. ಗೋಡೆಯ ಮೇಲಿನ ಹಾಳೆ ನೋಡಿದೆ. ಅದರಲ್ಲಿ ನಿನ್ನ ಪೆನ್ನಿನ ಗೆರೆ ಇತ್ತು.

ಚಮಚ ತುಂಬಿ, ಎಡಗಡೆಯಿಂದ, ಅವಳ ಬೆರಳ ಹತ್ತಿರ ಹಿಡಿದುಕೊಂಡು ಕಾದೆ. ಬಹಳ ಹೊತ್ತಾಯಿತು. ನನ್ನ ಕೈ ಸೋತು ಇನ್ನೊಂದು ಕೈಯಿಂದ ಆಸರೆ ಕೊಟ್ಟೆ. ಆಮೇಲೆ ಅವಳು ಬೆರಳು ತೆಗೆದಳು.

ಮೂರನೆಯದರಲ್ಲಿ ನಾನು ಏನೂ ಸೇರಿಸಿಲ್ಲ. ಜೂನಿನ ಎರಡನೇ ಶನಿವಾರಕ್ಕೆ ರಜೆ ಕೇಳಿದ್ದೇನೆ. ಈ ಸಲ ನಿಜವಾಗಿಯೂ ಕೇಳಿದ್ದೇನೆ.

ಪುಟ್ಟಿ